ಎಚ್‌ಐವಿ, ಹೆಪಟೈಟಿಸ್ ಸಿ, ಸಿರೋಸಿಸ್ ಮೂರೂ ಇದ್ದರೆ ಚಿಕಿತ್ಸೆಯೇ ಇಲ್ಲವೇ? ಒಂದು ಫಾರ್ವರ್ಡ್ ಮತ್ತು ಅದರ ಹಿಂದಿನ ಸತ್ಯ

ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿ, ಅದರ ಕೆಳಗೆ ಹೀಗೆ ಬರೆದಿದ್ದರು: "ನಮ್ಮ ಅಣ್ಣನಿಗೆ ಎಚ್‌ಐವಿ ಇದೆ. ಹತ್ತು ವರ್ಷದಿಂದ ಎಆರ್‌ಟಿ ಮಾತ್ರೆ ತಗೊಂಡು ಚೆನ್ನಾಗೇ ಇದ್ದ. ಈಗ ಹೆಪಟೈಟಿಸ್ ಸಿ ಇದೆ, ಲಿವರ್ ಸಿರೋಸಿಸ್ ಆಗಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಈ ಮೆಸೇಜ್ ನೋಡಿದಾಗಿನಿಂದ ಅಮ್ಮ ಊಟ ಬಿಟ್ಟಿದ್ದಾರೆ. ಅತ್ತಿಗೆ ಎಲ್ಲಾ ಮಾತ್ರೆ ನಿಲ್ಲಿಸಿ ನಾಟಿ ಔಷಧಿ ಕೊಡಿಸೋಣ ಅಂತಿದ್ದಾರೆ. ಇದು ನಿಜಾನಾ ಹೇಳಿ."

ಆ ಸಂದೇಶದಲ್ಲಿ ನಾಲ್ಕು ಮಾತುಗಳಿದ್ದವು.

1. ಎಚ್‌ಐವಿ ಇದ್ದವರಿಗೆ ಹೆಪಟೈಟಿಸ್ ಸಿ ಬಂದರೆ ಅದು ವಾಸಿಯಾಗುವುದಿಲ್ಲ.
2. ಲಿವರ್ ಸಿರೋಸಿಸ್ ಆದಮೇಲೆ ಇಂಗ್ಲಿಷ್ ಮದ್ದು ತಿಂದರೆ ಉಳಿದಿರುವ ಲಿವರೂ ಹಾಳಾಗುತ್ತದೆ.
3. ಚಿಕಿತ್ಸೆಗೆ ಲಕ್ಷಾಂತರ ರೂಪಾಯಿ ಬೇಕು, ಬಡವರ ಕೈಗೆ ಎಟುಕುವುದಲ್ಲ.
4. ಎಲ್ಲ ಮಾತ್ರೆ ನಿಲ್ಲಿಸಿ 48 ದಿನ ನೆಲನೆಲ್ಲಿ ಮತ್ತು ಅಮೃತಬಳ್ಳಿ ರಸ ಕುಡಿದರೆ ಲಿವರ್ ಹೊಸದಾಗುತ್ತದೆ.

ಒಂದೊಂದಾಗಿ ನೋಡೋಣ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಹೆಪಟೈಟಿಸ್ ಸಿ ಇವತ್ತು ಮಾತ್ರೆಯಿಂದಲೇ ವಾಸಿಯಾಗುವ ಕಾಯಿಲೆ. ಎಚ್‌ಐವಿ ಇದ್ದರೂ ವಾಸಿಯಾಗುತ್ತದೆ. ಸಿರೋಸಿಸ್ ಇದ್ದರಂತೂ ಚಿಕಿತ್ಸೆ ಇನ್ನೂ ಬೇಗ ಬೇಕು. ಆದರೆ ಯಾವ ಮಾತ್ರೆ, ಎಷ್ಟು ವಾರ ಎಂಬುದು ಎರಡು ವಿಷಯಗಳ ಮೇಲೆ ನಿಂತಿದೆ. ಲಿವರ್ ಯಾವ ಹಂತದಲ್ಲಿದೆ ಎಂಬುದು ಒಂದು, ರೋಗಿ ಈಗಾಗಲೇ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಇನ್ನೊಂದು.

ಎರಡು ವೈರಸ್, ಒಂದು ಲಿವರ್

ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ರಕ್ತದ ಮೂಲಕ ಹರಡಬಲ್ಲವು. ಒಬ್ಬರು ಬಳಸಿದ ಸಿರಿಂಜನ್ನು ಇನ್ನೊಬ್ಬರು ಬಳಸುವುದು, ಸರಿಯಾಗಿ ಪರೀಕ್ಷೆ ಮಾಡದ ರಕ್ತ ಕೊಡುವುದು, ಶುದ್ಧಗೊಳಿಸದ ವೈದ್ಯಕೀಯ ಉಪಕರಣ, ಹಚ್ಚೆ ಹಾಕುವ ಸೂಜಿ, ಇವೆಲ್ಲ ದಾರಿಗಳು. ಹಾಗಾಗಿ ಒಬ್ಬರಲ್ಲೇ ಎರಡೂ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಜಗತ್ತಿನಲ್ಲಿ ಸುಮಾರು 23 ಲಕ್ಷ ಜನರಿಗೆ ಎರಡೂ ಸೋಂಕು ಇದೆ ಎಂದು 2016ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಭಾರತದಲ್ಲಿ ಮಣಿಪುರ, ಪಂಜಾಬಿನಂಥ ಕಡೆ, ಮಾದಕ ದ್ರವ್ಯವನ್ನು ಚುಚ್ಚಿಕೊಳ್ಳುವವರಲ್ಲಿ ಈ ಜೋಡಿ ಸೋಂಕು ಹೆಚ್ಚು.

ಒಟ್ಟಿಗೆ ಊಟ ಮಾಡುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಅಪ್ಪಿಕೊಳ್ಳುವುದರಿಂದ ಎರಡೂ ಹರಡುವುದಿಲ್ಲ. ರೇಜರ್, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಮಾತ್ರ ಹಂಚಿಕೊಳ್ಳಬಾರದು. ಅವುಗಳಿಗೆ ರಕ್ತ ಅಂಟಿರಬಹುದು.

ಹೆಪಟೈಟಿಸ್ ಸಿ ವೈರಸ್ ಲಿವರ್‌ನ ಜೀವಕೋಶಗಳಲ್ಲಿ ಬೆಳೆಯುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಒಳಗೊಳಗೇ ಲಿವರ್ ಗಾಯವಾಗುತ್ತದೆ, ಮಾಯುತ್ತದೆ, ಮತ್ತೆ ಗಾಯವಾಗುತ್ತದೆ. ಮಂಡಿಗೆ ಪೆಟ್ಟಾದ ಜಾಗದಲ್ಲಿ ಕಲೆ ಉಳಿಯುವ ಹಾಗೆ ಲಿವರ್‌ನಲ್ಲೂ ಕಲೆ ಉಳಿಯುತ್ತದೆ. ಆ ಕಲೆಗಳು ಸೇರಿ ಮೆತ್ತಗಿದ್ದ ಲಿವರ್ ಗಡುಸಾಗಿ ಗಂಟುಗಂಟಾಗುವ ಸ್ಥಿತಿಗೆ ಸಿರೋಸಿಸ್ ಎನ್ನುತ್ತಾರೆ. ದೀರ್ಘಕಾಲದ ಹೆಪಟೈಟಿಸ್ ಸಿ ಇರುವ ನೂರು ಜನರಲ್ಲಿ 15ರಿಂದ 30 ಜನರಿಗೆ 20 ವರ್ಷದೊಳಗೆ ಸಿರೋಸಿಸ್ ಆಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೊತೆಗೆ ಎಚ್‌ಐವಿ ಇದ್ದರೆ, ಅದರಲ್ಲೂ ಅದಕ್ಕೆ ಚಿಕಿತ್ಸೆ ಇಲ್ಲದಿದ್ದರೆ, ಈ ಓಟ ಇನ್ನೂ ಜೋರಾಗುತ್ತದೆ. ಮದ್ಯಪಾನವೂ ಸೇರಿದರೆ ಕೇಳುವುದೇ ಬೇಡ.

ಅಂದರೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇರುವವರು ಕಾಯುತ್ತಾ ಕೂರುವಂತಿಲ್ಲ. "ವಾಸಿಯಾಗುವುದಿಲ್ಲ, ಬಿಟ್ಟುಬಿಡಿ" ಎನ್ನುವ ಸಂದೇಶ ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ.

"ವಾಸಿಯಾಗುವುದಿಲ್ಲ" ಎಂಬ ಮಾತು ಎಲ್ಲಿಂದ ಬಂತು?

ಇದು ಪೂರ್ತಿ ಕಟ್ಟುಕತೆಯಲ್ಲ, ಹಳೆಯ ಕಾಲದ ಸತ್ಯ. ಸುಮಾರು 2013ರವರೆಗೆ ಹೆಪಟೈಟಿಸ್ ಸಿಗೆ ಮುಖ್ಯ ಚಿಕಿತ್ಸೆ ಎಂದರೆ ಇಂಟರ್‌ಫೆರಾನ್ ಇಂಜೆಕ್ಷನ್ ಮತ್ತು ರೈಬಾವಿರಿನ್ ಮಾತ್ರೆ. ಆರು ತಿಂಗಳಿಂದ ಒಂದು ವರ್ಷದವರೆಗೆ, ವಾರಕ್ಕೊಂದು ಚುಚ್ಚುಮದ್ದು. ಜ್ವರ, ಮೈಕೈ ನೋವು, ಖಿನ್ನತೆ, ರಕ್ತಹೀನತೆ ಬರುತ್ತಿದ್ದವು. ಎಷ್ಟೋ ಜನ ಅರ್ಧಕ್ಕೇ ಬಿಟ್ಟುಬಿಡುತ್ತಿದ್ದರು.

ಎಚ್‌ಐವಿ ಕೂಡ ಇದ್ದವರ ಮೇಲೆ ನಡೆಸಿದ ದೊಡ್ಡ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ 48 ವಾರ ಆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40 ಜನರಿಗಷ್ಟೇ ವೈರಸ್ ಹೋಗಿತ್ತು. ಹೆಪಟೈಟಿಸ್ ಸಿ ವೈರಸ್‌ನಲ್ಲಿ ಹಲವು ತಳಿಗಳಿವೆ. ಒಂದನೇ ತಳಿ ಇದ್ದವರಲ್ಲಿ ನೂರಕ್ಕೆ 29 ಜನರಿಗೆ ಮಾತ್ರ ಫಲ ಸಿಕ್ಕಿತ್ತು. ಸಿರೋಸಿಸ್ ಮುಂದುವರಿದವರಿಗೆ ಇಂಟರ್‌ಫೆರಾನ್ ಕೊಡುವುದೇ ಅಪಾಯವಾಗಿತ್ತು, ಲಿವರ್ ಇನ್ನಷ್ಟು ಕುಸಿಯುತ್ತಿತ್ತು. ಆ ದಿನಗಳಲ್ಲಿ ವೈದ್ಯರೇ "ಸದ್ಯಕ್ಕೆ ಬೇಡ" ಎನ್ನುತ್ತಿದ್ದರು.

ಆ ಕಾಲದಲ್ಲಿ ಚಿಕಿತ್ಸೆ ಪಡೆದವರ, ಅಥವಾ ಸಿಗದೆ ಹೋದವರ ಅನುಭವ ಬಾಯಿಂದ ಬಾಯಿಗೆ ಬಂದು, ಈಗ ಫಾರ್ವರ್ಡ್ ಆಗಿ ತಿರುಗುತ್ತಿದೆ. ಔಷಧ ಬದಲಾಗಿದೆ, ಸುದ್ದಿ ಬದಲಾಗಿಲ್ಲ.

ಈಗ ಏನು ಬದಲಾಗಿದೆ?

2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೋಫೋಸ್‌ಬುವಿರ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಇಂಟರ್‌ಫೆರಾನ್ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸಿ ವೈರಸ್ ಮೇಲೆ ಛೂ ಬಿಡುತ್ತಿತ್ತು. ಸೋಫೋಸ್‌ಬುವಿರ್ ಹಾಗಲ್ಲ. ವೈರಸ್ ತನ್ನ ನಕಲು ಮಾಡಿಕೊಳ್ಳಲು ಬಳಸುವ ಕಿಣ್ವವನ್ನೇ ನೇರವಾಗಿ ಕಟ್ಟಿಹಾಕುತ್ತದೆ. ಇದರ ಜೊತೆಗೆ ವೈರಸ್‌ನ ಇನ್ನೊಂದು ಪ್ರೋಟೀನನ್ನು ತಡೆಯುವ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಸೇರಿಸುತ್ತಾರೆ. ಎರಡು ಕಡೆಯಿಂದ ಒಟ್ಟಿಗೆ ಬಾಗಿಲು ಮುಚ್ಚಿದಂತೆ. ಎಚ್‌ಐವಿಯಂತೆ ಈ ವೈರಸ್ ನಮ್ಮ ಜೀವಕೋಶದ ಡಿಎನ್‌ಎ ಒಳಗೆ ಅಡಗಿ ಕೂರುವುದಿಲ್ಲ. ಅದಕ್ಕೇ ಎಚ್‌ಐವಿಯನ್ನು ಹತೋಟಿಯಲ್ಲಿ ಇಡಬಹುದಷ್ಟೇ, ಹೆಪಟೈಟಿಸ್ ಸಿಯನ್ನು ಪೂರ್ತಿ ಹೊರಗಟ್ಟಬಹುದು.

ಎಚ್‌ಐವಿ ಇರುವವರಲ್ಲಿ ಇದು ಕೆಲಸ ಮಾಡುತ್ತದೆಯೇ? 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡೂ ಸೋಂಕು ಇದ್ದವರಿಗೆ ಸೋಫೋಸ್‌ಬುವಿರ್ ಮತ್ತು ಡಕ್ಲಾಟಾಸ್ವಿರ್ ಕೊಟ್ಟರು. 12 ವಾರ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 97 ಜನರಿಗೆ ಹೆಪಟೈಟಿಸ್ ಸಿ ವಾಸಿಯಾಯಿತು. ಎಂಟೇ ವಾರ ಕೊಟ್ಟ ಗುಂಪಿನಲ್ಲಿ ಮಾತ್ರ ಅದು ನೂರಕ್ಕೆ 76ಕ್ಕೆ ಇಳಿಯಿತು. ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ವೆಲ್ಪಟಾಸ್ವಿರ್ ಸೇರಿದ ಜೋಡಿಯನ್ನು ಇನ್ನೊಂದು ಅಧ್ಯಯನದಲ್ಲಿ 106 ಮಂದಿಗೆ ಕೊಟ್ಟಾಗ ನೂರಕ್ಕೆ 95ರಷ್ಟು ಫಲ ಸಿಕ್ಕಿತು. ಅವರಲ್ಲಿ ಆರಂಭದ ಹಂತದ ಸಿರೋಸಿಸ್ ಇದ್ದವರೂ ಇದ್ದರು, ಅವರಲ್ಲೂ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡಿತು.

ಹಾಗಾಗಿ ಫಾರ್ವರ್ಡ್‌ನ ಮೊದಲ ಮಾತು ಇಂದಿಗೆ ಸುಳ್ಳು.

ಮೊದಲು ಖಾತ್ರಿ ಮಾಡಿಕೊಳ್ಳಿ: ವೈರಸ್ ಈಗಲೂ ಇದೆಯೇ?

ಹೆಪಟೈಟಿಸ್ ಸಿ ಪರೀಕ್ಷೆ ಎರಡು ಮೆಟ್ಟಿಲಿನದು. ಮೊದಲನೆಯದು ಆಂಟಿಬಾಡಿ ಪರೀಕ್ಷೆ. ಇದು ಪಾಸಿಟಿವ್ ಬಂದರೆ ವೈರಸ್ ಎಂದಾದರೂ ಒಳಗೆ ಬಂದಿತ್ತು ಎಂದರ್ಥ. ಈಗಲೂ ಇದೆ ಎಂದೇನಲ್ಲ. ಕೆಲವರಲ್ಲಿ ಅದು ತಾನಾಗಿಯೇ ಹೋಗಿರುತ್ತದೆ. ಈಗಲೂ ಇದೆಯೇ ಎಂದು ತಿಳಿಯಲು ಎರಡನೆಯದು, ಆರ್‌ಎನ್‌ಎ ಪರೀಕ್ಷೆ ಬೇಕು. ಇದನ್ನೇ ವೈರಲ್ ಲೋಡ್ ಎನ್ನುತ್ತಾರೆ.

ಎಚ್‌ಐವಿ ಇರುವವರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಿಡಿ4 ಎಣಿಕೆ ತೀರಾ ಕಡಿಮೆ ಇದ್ದಾಗ ದೇಹ ಆಂಟಿಬಾಡಿಯನ್ನು ಸರಿಯಾಗಿ ತಯಾರಿಸದೇ ಇರಬಹುದು. ಆಗ ವೈರಸ್ ಇದ್ದರೂ ಆಂಟಿಬಾಡಿ ಪರೀಕ್ಷೆ ನೆಗೆಟಿವ್ ಎಂದು ತೋರಿಸಬಹುದು. ಅನುಮಾನವಿದ್ದರೆ ವೈದ್ಯರು ನೇರವಾಗಿ ಆರ್‌ಎನ್‌ಎ ಪರೀಕ್ಷೆ ಬರೆಯುತ್ತಾರೆ.

ಮೊದಲ ಪ್ರಶ್ನೆ: ಲಿವರ್ ಯಾವ ಹಂತದಲ್ಲಿದೆ?

ರಿಪೋರ್ಟಿನಲ್ಲಿ "ಸಿರೋಸಿಸ್" ಎಂಬ ಪದ ನೋಡಿದ ಕೂಡಲೇ ಮನೆಯವರು ಎದೆಗುಂದುತ್ತಾರೆ. ಆದರೆ ಸಿರೋಸಿಸ್‌ನಲ್ಲಿ ಎರಡು ಹಂತಗಳಿವೆ, ಎರಡರ ನಡುವೆ ಅಜಗಜಾಂತರ.

ಮೊದಲನೆಯದು ನಿಭಾಯಿಸುವ ಹಂತ. ಲಿವರ್ ಗಡುಸಾಗಿದೆ, ಆದರೂ ಹೇಗೋ ತನ್ನ ಕೆಲಸ ಮಾಡಿಕೊಂಡು ಹೋಗುತ್ತಿದೆ. ವೈದ್ಯರು ಇದನ್ನು ಕಾಂಪೆನ್ಸೇಟೆಡ್ ಎನ್ನುತ್ತಾರೆ. ರೋಗಿಗೆ ಸುಸ್ತು ಬಿಟ್ಟರೆ ಬೇರೇನೂ ಗೊತ್ತಾಗದೆಯೂ ಇರಬಹುದು.

ಎರಡನೆಯದು ಕೈಚೆಲ್ಲಿದ ಹಂತ, ಅಂದರೆ ಡಿಕಾಂಪೆನ್ಸೇಟೆಡ್. ಹೊಟ್ಟೆಯಲ್ಲಿ ನೀರು ತುಂಬುವುದು, ಕಣ್ಣು ಹಳದಿಯಾಗುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಮಂಕು ಕವಿದು ಹಗಲು ರಾತ್ರಿ ತಿಳಿಯದಂತಾಗುವುದು ಇದರ ಲಕ್ಷಣಗಳು. ರಕ್ತವಾಂತಿ, ಕಪ್ಪು ಮಲ ಅಥವಾ ಮಂಕು ಕಂಡರೆ ಲೇಖನ ಓದುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಯಾವ ಹಂತ ಎಂದು ತೀರ್ಮಾನಿಸಲು ವೈದ್ಯರು ಐದು ವಿಷಯ ನೋಡಿ ಅಂಕ ಹಾಕುತ್ತಾರೆ: ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯ ನೀರು, ಮಂಕು. ಇದಕ್ಕೆ ಚೈಲ್ಡ್-ಪ್ಯೂ ಅಂಕ ಎನ್ನುತ್ತಾರೆ. 5 ಅಥವಾ 6 ಬಂದರೆ ಎ ವರ್ಗ, 7ರಿಂದ 9 ಬಿ ವರ್ಗ, 10ರಿಂದ 15 ಸಿ ವರ್ಗ. ಬಿ ಮತ್ತು ಸಿ ಎಂದರೆ ಲಿವರ್ ಕೈಚೆಲ್ಲಿದೆ ಎಂದು. ಸಿರೋಸಿಸ್ ಇದೆಯೋ ಇಲ್ಲವೋ ಎಂಬುದನ್ನು ಫೈಬ್ರೋಸ್ಕ್ಯಾನ್ ಯಂತ್ರದಿಂದ ನೋಡಬಹುದು. ಅದಿಲ್ಲದ ಕಡೆ ವಯಸ್ಸು, ಎಎಸ್‌ಟಿ, ಎಎಲ್‌ಟಿ ಮತ್ತು ಪ್ಲೇಟ್‌ಲೆಟ್ ಎಣಿಕೆಯಿಂದ ಲೆಕ್ಕ ಹಾಕುತ್ತಾರೆ.

ಇಲ್ಲೂ ಎಚ್‌ಐವಿ ಇರುವವರಲ್ಲಿ ಲೆಕ್ಕ ತಪ್ಪಬಹುದು. ಅಟಜನಾವಿರ್ ಎಂಬ ಎಚ್‌ಐವಿ ಔಷಧ ಲಿವರ್‌ಗೆ ಹಾನಿ ಮಾಡದೆಯೇ ಬಿಲಿರುಬಿನ್ ಏರಿಸಿ ಕಣ್ಣು ಹಳದಿ ಮಾಡಬಲ್ಲದು. ಎಚ್‌ಐವಿಯಿಂದಲೂ ಪ್ಲೇಟ್‌ಲೆಟ್ ಇಳಿಯಬಹುದು. ಆದ್ದರಿಂದ ಒಂದು ಅಂಕೆ ನೋಡಿ ಮನೆಯಲ್ಲೇ ತೀರ್ಪು ಕೊಡಬೇಡಿ. ಲಿವರ್ ವೈದ್ಯರಿಗೆ ಎಚ್‌ಐವಿ ಔಷಧದ ಹೆಸರು ಗೊತ್ತಿರಲೇಬೇಕು.

ಯಾವ ಹಂತಕ್ಕೆ ಯಾವ ಚಿಕಿತ್ಸೆ?

ಭಾರತದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಮಾರ್ಗಸೂಚಿಯ ದಾರಿ ಹೀಗಿದೆ.

ಸಿರೋಸಿಸ್ ಇಲ್ಲದಿದ್ದರೆ: ಸೋಫೋಸ್‌ಬುವಿರ್ ಮತ್ತು ಡಕ್ಲಾಟಾಸ್ವಿರ್, 12 ವಾರ.

ನಿಭಾಯಿಸುವ ಹಂತದ ಸಿರೋಸಿಸ್: ಸೋಫೋಸ್‌ಬುವಿರ್ ಮತ್ತು ವೆಲ್ಪಟಾಸ್ವಿರ್, ದಿನಕ್ಕೊಂದು ಮಾತ್ರೆ, 12 ವಾರ.

ಕೈಚೆಲ್ಲಿದ ಹಂತದ ಸಿರೋಸಿಸ್: ಅದೇ ಸೋಫೋಸ್‌ಬುವಿರ್ ಮತ್ತು ವೆಲ್ಪಟಾಸ್ವಿರ್ ಜೊತೆಗೆ ರೈಬಾವಿರಿನ್, 12 ವಾರ. ರೈಬಾವಿರಿನ್ ತಡೆದುಕೊಳ್ಳಲಾಗದವರಿಗೆ ಅದನ್ನು ಬಿಟ್ಟು 24 ವಾರ.

ಎಚ್‌ಐವಿ ಇದೆ ಎಂದು ಹೆಪಟೈಟಿಸ್ ಸಿ ಔಷಧ ಬೇರೆಯಾಗುವುದಿಲ್ಲ. ಬೇರೆಯಾಗುವುದು ಎಚ್ಚರಿಕೆಗಳು ಮಾತ್ರ.

ಕೊನೆಯ ಹಂತದ ಆಯ್ಕೆಯಲ್ಲಿ ನಿಜವಾದ ತೂಗುವಿಕೆ ಇದೆ. ಕೈಚೆಲ್ಲಿದ ಸಿರೋಸಿಸ್ ಇದ್ದ 267 ಮಂದಿಯ ಅಧ್ಯಯನವೊಂದರಲ್ಲಿ ರೈಬಾವಿರಿನ್ ಇಲ್ಲದೆ 12 ವಾರಕ್ಕೆ ನೂರಕ್ಕೆ 83, ಇಲ್ಲದೆ 24 ವಾರಕ್ಕೆ 86, ರೈಬಾವಿರಿನ್ ಸೇರಿಸಿ 12 ವಾರಕ್ಕೆ 94 ಜನರಲ್ಲಿ ವೈರಸ್ ಹೋಯಿತು. ಅಂದರೆ ರೈಬಾವಿರಿನ್ ಸೇರಿಸಿದರೆ ಲಾಭವಿದೆ. ಆದರೆ ಅದು ರಕ್ತಹೀನತೆ ತರುತ್ತದೆ, ಹಿಮೋಗ್ಲೋಬಿನ್ ಆಗಾಗ ನೋಡುತ್ತಿರಬೇಕು. ಎಚ್‌ಐವಿಗೆ ಜಿಡೋವುಡಿನ್ ತೆಗೆದುಕೊಳ್ಳುವವರಲ್ಲಿ ಎರಡೂ ಸೇರಿ ರಕ್ತಹೀನತೆ ತೀವ್ರವಾಗಬಹುದು, ಆಗ ಎಚ್‌ಐವಿ ಔಷಧ ಬದಲಿಸುವ ಬಗ್ಗೆ ಯೋಚಿಸುತ್ತಾರೆ. ಗರ್ಭದಲ್ಲಿರುವ ಮಗುವಿಗೆ ರೈಬಾವಿರಿನ್ ಅಪಾಯಕಾರಿ. ಹಾಗಾಗಿ ಔಷಧ ತೆಗೆದುಕೊಳ್ಳುವವರು ಗಂಡಾಗಲಿ ಹೆಣ್ಣಾಗಲಿ, ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಆರು ತಿಂಗಳವರೆಗೆ ಗರ್ಭಧಾರಣೆ ಆಗದಂತೆ ನೋಡಿಕೊಳ್ಳಬೇಕು.

ಇನ್ನು "ಸಿರೋಸಿಸ್‌ಗೆ ಇಂಗ್ಲಿಷ್ ಮದ್ದು ವಿಷ" ಎಂಬ ಎರಡನೇ ಮಾತು. ಇದರಲ್ಲಿ ಒಂದು ಎಳೆ ಸತ್ಯವಿದೆ. ಹೆಪಟೈಟಿಸ್ ಸಿಯ ಕೆಲವು ಔಷಧಗಳ ಹೆಸರು "ಪ್ರೆವಿರ್" ಎಂದು ಮುಗಿಯುತ್ತದೆ, ಉದಾಹರಣೆಗೆ ಗ್ಲೆಕಾಪ್ರೆವಿರ್. ಲಿವರ್ ಕೈಚೆಲ್ಲಿದ ಹಂತದಲ್ಲಿ ಇವನ್ನು ಕೊಡಬಾರದು. ಅಂಥವರಲ್ಲಿ ಲಿವರ್ ಇನ್ನಷ್ಟು ಕುಸಿದ ಪ್ರಕರಣಗಳ ಬಗ್ಗೆ ಅಮೆರಿಕದ ಔಷಧ ಇಲಾಖೆ 2019ರಲ್ಲಿ ಎಚ್ಚರಿಕೆ ಕೊಟ್ಟಿತು. ಆದರೆ ಮೇಲೆ ಹೇಳಿದ ಸೋಫೋಸ್‌ಬುವಿರ್, ವೆಲ್ಪಟಾಸ್ವಿರ್ ಆ ಗುಂಪಿಗೆ ಸೇರಿದವಲ್ಲ. ಒಂದು ಗುಂಪಿನ ಎಚ್ಚರಿಕೆಯನ್ನು ಎಲ್ಲ ಔಷಧಕ್ಕೂ ಅಂಟಿಸಿದ್ದು ಫಾರ್ವರ್ಡ್‌ನ ತಪ್ಪು.

ಲಿವರ್ ತೀರಾ ಹಾಳಾಗಿ ಕಸಿಗೆ ಕಾಯುತ್ತಿರುವವರಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ವೈರಸ್ ಮೊದಲು ಓಡಿಸಬೇಕೋ, ಕಸಿ ಮೊದಲೋ? ಕಸಿ ಬೇಗ ಸಿಗುವಂತಿದ್ದರೆ ಕೆಲವೊಮ್ಮೆ ಕಸಿ ಮಾಡಿ ಆಮೇಲೆ ವೈರಸ್‌ಗೆ ಚಿಕಿತ್ಸೆ ಕೊಡುವುದು ಲೇಸು. ಸಿಗುವುದು ತಡವಾದರೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ. ಇದು ಕಸಿ ಮಾಡುವ ಕೇಂದ್ರದ ವೈದ್ಯರ ಜೊತೆ ಕೂತು ತೀರ್ಮಾನಿಸಬೇಕಾದ ವಿಷಯ.

ಎರಡನೇ ಪ್ರಶ್ನೆ: ಮಾತ್ರೆ ಚೀಲದಲ್ಲಿ ಏನೇನಿದೆ?

ಹೆಪಟೈಟಿಸ್ ಸಿ ಮಾತ್ರೆಗಳು ಒಳ್ಳೆಯವೇ, ಆದರೆ ಎಲ್ಲ ಮಾತ್ರೆಗಳ ಜೊತೆ ಹೊಂದಿಕೊಳ್ಳುವುದಿಲ್ಲ. ಒಂದು ಔಷಧ ಇನ್ನೊಂದನ್ನು ದೇಹದಿಂದ ಬೇಗ ಹೊರಹಾಕಿಸಿದರೆ ವೈರಸ್ ಬದುಕುಳಿಯುತ್ತದೆ. ಮುಖ್ಯವಾದವು ಇವು:

• ಎಚ್‌ಐವಿಯ ಎಫಾವಿರೆಂಜ್ ಮತ್ತು ನೆವಿರಾಪಿನ್: ಇವು ವೆಲ್ಪಟಾಸ್ವಿರ್ ಮಟ್ಟವನ್ನು ಇಳಿಸುತ್ತವೆ, ಒಟ್ಟಿಗೆ ಕೊಡುವುದಿಲ್ಲ. ಡಕ್ಲಾಟಾಸ್ವಿರ್ ಕೊಡುವುದಾದರೆ ಎಫಾವಿರೆಂಜ್ ಜೊತೆ 60ರ ಬದಲು 90 ಮಿಲಿಗ್ರಾಂ ಬೇಕಾಗುತ್ತದೆ.
• ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಟಿಎಲ್‌ಡಿ ಮಾತ್ರೆ: ಈಗ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಸಿಗುವುದು ಇದೇ. ಇದು ಹೆಪಟೈಟಿಸ್ ಸಿ ಮಾತ್ರೆಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಟೆನೊಫೋವಿರ್ ಮಟ್ಟ ಸ್ವಲ್ಪ ಏರಬಹುದು, ಆದ್ದರಿಂದ ಕಿಡ್ನಿ ಪರೀಕ್ಷೆ ಮಾಡಿಸುತ್ತಿರುತ್ತಾರೆ.
• ಕ್ಷಯಕ್ಕೆ ಕೊಡುವ ರಿಫಾಂಪಿಸಿನ್: ಹೆಪಟೈಟಿಸ್ ಸಿ ಮಾತ್ರೆಗಳ ಜೊತೆ ಕೂಡದು. ಸಾಮಾನ್ಯವಾಗಿ ಟಿಬಿ ಚಿಕಿತ್ಸೆ ಮುಗಿಸಿ ಆಮೇಲೆ ಹೆಪಟೈಟಿಸ್ ಸಿ ಚಿಕಿತ್ಸೆ.
• ಫಿಟ್ಸ್‌ಗೆ ಕೊಡುವ ಫಿನೈಟೋಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್: ಇವೂ ಕೂಡವು.
• ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್: ಸೋಫೋಸ್‌ಬುವಿರ್ ಜೊತೆ ಸೇರಿದರೆ ಹೃದಯ ಬಡಿತ ಅಪಾಯಕಾರಿಯಾಗಿ ಇಳಿಯಬಹುದು.
• ಗ್ಯಾಸ್ ಮಾತ್ರೆ: ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥವು ಹೊಟ್ಟೆಯ ಆಮ್ಲ ಇಳಿಸುತ್ತವೆ, ಆಗ ವೆಲ್ಪಟಾಸ್ವಿರ್ ಸರಿಯಾಗಿ ಒಳಸೇರುವುದಿಲ್ಲ. ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಬೇಕೇಬೇಕಾದರೆ ಎಷ್ಟು ಅಂತರ ಎಂದು ಕೇಳಿ. ಅಸಿಡಿಟಿ ಸಿರಪ್‌ಗಳು ಡೊಲುಟೆಗ್ರಾವಿರ್‌ಗೂ ಅಡ್ಡಿ.
• ನೋವಿನ ಮಾತ್ರೆ: ಡೈಕ್ಲೋಫೆನಾಕ್, ಐಬುಪ್ರೊಫೆನ್ ಸಿರೋಸಿಸ್ ಇರುವವರ ಕಿಡ್ನಿಗೆ ಅಪಾಯ. ಪ್ಯಾರಾಸಿಟಮಾಲ್ ಕೂಡ ವೈದ್ಯರು ಹೇಳಿದಷ್ಟೇ, ಸಾಮಾನ್ಯವಾಗಿ ದಿನಕ್ಕೆ 2 ಗ್ರಾಂ ಮೀರದಂತೆ.

ಈ ಪಟ್ಟಿ ನೋಡಿ ನೀವೇ ಮಾತ್ರೆ ತೆಗೆಯುವುದು, ಸೇರಿಸುವುದು ಮಾಡಬೇಡಿ. ಒಂದೇ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಕಷಾಯದ ಪುಡಿ, ಲೇಹ್ಯವನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ.

ಎಚ್‌ಐವಿ ಮಾತ್ರೆ ಏಕೆ ನಿಲ್ಲಿಸಬಾರದು?

ಮನೆಯವರು ಮಾಡುವ ದೊಡ್ಡ ತಪ್ಪು ಇದು. "ಲಿವರ್‌ಗೆ ಹೊರೆ ಆಗ್ತಿದೆ, ಸ್ವಲ್ಪ ದಿನ ಎಆರ್‌ಟಿ ಬಿಡಿಸೋಣ" ಎಂದುಕೊಳ್ಳುತ್ತಾರೆ. ಎಆರ್‌ಟಿ ನಿಂತರೆ ಎಚ್‌ಐವಿ ಮತ್ತೆ ತಲೆಯೆತ್ತುತ್ತದೆ, ಸಿಡಿ4 ಇಳಿಯುತ್ತದೆ, ಲಿವರ್‌ನ ಹಾನಿಯೂ ಜೋರಾಗುತ್ತದೆ. ಹೊಸದಾಗಿ ಎರಡೂ ಪತ್ತೆಯಾಗಿ ಸಿಡಿ4 ತೀರಾ ಕಡಿಮೆ ಇರುವವರಲ್ಲಿ ಸಾಮಾನ್ಯವಾಗಿ ಎಆರ್‌ಟಿಯನ್ನೇ ಮೊದಲು ಶುರು ಮಾಡಿ, ದೇಹ ಸ್ವಲ್ಪ ಸುಧಾರಿಸಿದ ಮೇಲೆ ಹೆಪಟೈಟಿಸ್ ಸಿ ಮಾತ್ರೆ ಸೇರಿಸುತ್ತಾರೆ. ಎಫಾವಿರೆಂಜ್‌ನಂಥ ಹೊಂದದ ಔಷಧ ಇದ್ದರೆ ಎಆರ್‌ಟಿಯನ್ನು ಬದಲಿಸುತ್ತಾರೆ, ನಿಲ್ಲಿಸುವುದಿಲ್ಲ.

ಇನ್ನೊಂದು ಕಾರಣ ಹೆಪಟೈಟಿಸ್ ಬಿ. ಇದೂ ಒಳಗೆ ಅಡಗಿರಬಹುದು. ಸಿ ವೈರಸ್ ಹೋಗುತ್ತಿದ್ದಂತೆ ಬಿ ವೈರಸ್ ಎದ್ದು ಲಿವರ್ ಹಾಳು ಮಾಡಿದ ಪ್ರಕರಣಗಳಿವೆ. 2016ರಲ್ಲಿ ಅಮೆರಿಕದ ಔಷಧ ಇಲಾಖೆ ಈ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಅದಕ್ಕೇ ಹೆಪಟೈಟಿಸ್ ಸಿ ಚಿಕಿತ್ಸೆಗೆ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಎಚ್‌ಐವಿಗೆ ಕೊಡುವ ಟೆನೊಫೋವಿರ್ ಮತ್ತು ಲ್ಯಾಮಿವುಡಿನ್ ಹೆಪಟೈಟಿಸ್ ಬಿಯನ್ನೂ ಅದುಮಿಡುತ್ತವೆ. ಬಿ ಸೋಂಕು ಇರುವವರು ಅದನ್ನು ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೇ ಬರಬಹುದು.

ಲಕ್ಷಾಂತರ ಬೇಕೇ?

ಈ ಮಾತಿಗೂ ಹಳೆಯ ಬೇರಿದೆ. ಅಮೆರಿಕದಲ್ಲಿ ಸೋಫೋಸ್‌ಬುವಿರ್ ಬಂದಾಗ ಒಂದು ಮಾತ್ರೆಗೆ ಸಾವಿರ ಡಾಲರ್, 12 ವಾರಕ್ಕೆ 84,000 ಡಾಲರ್ ಬೆಲೆ ಇತ್ತು. 2014ರ ಸೆಪ್ಟೆಂಬರ್‌ನಲ್ಲಿ ಅದರ ಒಡೆತನದ ಗಿಲಿಯಡ್ ಕಂಪನಿ ಭಾರತದ ಏಳು ಕಂಪನಿಗಳಿಗೆ ತಯಾರಿಸಲು ಪರವಾನಗಿ ಕೊಟ್ಟಿತು. 2015ರಿಂದ ಇಲ್ಲೇ ತಯಾರಾದ ಜೆನೆರಿಕ್ ಮಾತ್ರೆಗಳು ಬಂದು ಬೆಲೆ ಪಾತಾಳಕ್ಕೆ ಇಳಿಯಿತು. 2016ರಲ್ಲಿ ಪಂಜಾಬ್ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿತು. 2018ರ ಜುಲೈ 28ರಂದು, ವಿಶ್ವ ಹೆಪಟೈಟಿಸ್ ದಿನದಂದು, ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಅದರಡಿ ಹೆಪಟೈಟಿಸ್ ಸಿ ಪರೀಕ್ಷೆ ಮತ್ತು ಔಷಧ ಎರಡೂ ಉಚಿತ. ಕರ್ನಾಟಕವೂ ಈ ಕಾರ್ಯಕ್ರಮದಲ್ಲಿದೆ. ಸಾಮಾನ್ಯ ಪ್ರಕರಣಗಳಿಗೆ ಚಿಕಿತ್ಸಾ ಕೇಂದ್ರಗಳೂ, ಜಟಿಲ ಪ್ರಕರಣಗಳಿಗೆ ಮಾದರಿ ಚಿಕಿತ್ಸಾ ಕೇಂದ್ರಗಳೂ ಇವೆ. ನಿಮ್ಮ ಎಆರ್‌ಟಿ ಕೇಂದ್ರದಲ್ಲಿ ಅಥವಾ ಜಿಲ್ಲಾಸ್ಪತ್ರೆಯಲ್ಲಿ "ಹೆಪಟೈಟಿಸ್ ಸಿ ಉಚಿತ ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು?" ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಎಚ್‌ಐವಿ ಕುರಿತ ಮಾಹಿತಿಗೆ 1097 ಉಚಿತ ಸಹಾಯವಾಣಿ ಇದೆ.

"ಎಚ್‌ಐವಿ ಇದೆ ಅಂತ ಇನ್ನೊಬ್ಬ ಡಾಕ್ಟರ್‌ಗೆ ಹೇಗೆ ಹೇಳೋದು?" ಎಂಬ ಅಂಜಿಕೆ ಹಲವರಿಗಿದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು ಅದು ನಿಷೇಧಿಸುತ್ತದೆ, ಗುಟ್ಟು ಕಾಪಾಡುವ ಹೊಣೆಯನ್ನೂ ಹೊರಿಸುತ್ತದೆ. ಊರಿಗೆಲ್ಲ ಹೇಳಬೇಕಿಲ್ಲ, ಔಷಧ ಬರೆಯುವ ವೈದ್ಯರಿಂದ ಮಾತ್ರ ಮುಚ್ಚಿಡಬೇಡಿ.

ನೆಲನೆಲ್ಲಿ, ಅಮೃತಬಳ್ಳಿ?

ಕಾಮಾಲೆಗೆ ನೆಲನೆಲ್ಲಿ ಅರೆದು ಹಾಲಿನಲ್ಲಿ ಕುಡಿಸುವುದು ನಮ್ಮಲ್ಲಿ ತಲೆಮಾರುಗಳಿಂದ ಇದೆ. "ನಮ್ಮ ಅಜ್ಜಿಗೆ ವಾಸಿಯಾಗಿತ್ತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಆ ಹೊತ್ತಿಗೆ ಏನು ಕುಡಿದಿದ್ದರೂ ಹೆಸರು ಅದಕ್ಕೇ ಹೋಗುತ್ತದೆ. ದೀರ್ಘಕಾಲದ ಹೆಪಟೈಟಿಸ್ ಸಿ ಹಾಗಲ್ಲ, ಕಣ್ಣಿನ ಹಳದಿ ಇಳಿದರೂ ವೈರಸ್ ಒಳಗೇ ಇರುತ್ತದೆ. ನೆಲನೆಲ್ಲಿ ಈ ವೈರಸನ್ನು ಓಡಿಸುತ್ತದೆ ಎಂಬುದು ರುಜುವಾತಾಗಿಲ್ಲ. ಅಮೃತಬಳ್ಳಿಯ ವಿಷಯದಲ್ಲಂತೂ, ಕೋವಿಡ್ ಸಮಯದಲ್ಲಿ ಅದನ್ನು ದಿನವೂ ಸೇವಿಸಿದ ಕೆಲವರಲ್ಲಿ ಲಿವರ್ ಹಾನಿಯಾದ ಪ್ರಕರಣಗಳನ್ನು ಭಾರತದ ವೈದ್ಯರೇ 2021 ಮತ್ತು 2022ರಲ್ಲಿ ವರದಿ ಮಾಡಿದ್ದಾರೆ. ಗಟ್ಟಿ ಲಿವರ್ ಇದ್ದವರು ಸುಧಾರಿಸಿಕೊಂಡಾರು. ಸಿರೋಸಿಸ್ ಇರುವವರಿಗೆ ಅಂಥ ಒಂದು ಪೆಟ್ಟು ಸಾಕು.

ವಾಸಿಯಾದ ಮೇಲೆ?

ಮಾತ್ರೆ ಮುಗಿದ 12 ವಾರಗಳ ನಂತರ ಮತ್ತೊಮ್ಮೆ ಆರ್‌ಎನ್‌ಎ ಪರೀಕ್ಷೆ ಮಾಡುತ್ತಾರೆ. ವೈರಸ್ ಕಾಣದಿದ್ದರೆ ವಾಸಿಯಾಗಿದೆ ಎಂದರ್ಥ. ಆಂಟಿಬಾಡಿ ಪರೀಕ್ಷೆ ಮಾತ್ರ ಮುಂದೆಯೂ ಪಾಸಿಟಿವ್ ಎಂದೇ ಬರುತ್ತಿರುತ್ತದೆ. ಅದನ್ನು ನೋಡಿ "ಕಾಯಿಲೆ ವಾಪಸ್ ಬಂತು" ಎಂದು ಗಾಬರಿಯಾಗಬೇಡಿ. ಆ ಆಂಟಿಬಾಡಿ ರಕ್ಷಣೆ ಕೊಡುವುದಿಲ್ಲ ಎಂಬುದೂ ನೆನಪಿರಲಿ. ಸೋಂಕಿನ ರಕ್ತ ಮತ್ತೆ ತಾಗಿದರೆ ಮತ್ತೆ ಬರಬಹುದು, ಇದಕ್ಕೆ ಲಸಿಕೆ ಇಲ್ಲ. ಹೆಪಟೈಟಿಸ್ ಎ ಮತ್ತು ಬಿಗೆ ಲಸಿಕೆ ಇದೆ, ಅವನ್ನು ಹಾಕಿಸಿಕೊಳ್ಳುವ ಬಗ್ಗೆ ಕೇಳಿ.

ವೈರಸ್ ಹೋದರೂ ಸಿರೋಸಿಸ್‌ನ ಕಲೆ ಒಂದೇ ದಿನದಲ್ಲಿ ಹೋಗುವುದಿಲ್ಲ. ಕೆಲವರಲ್ಲಿ ವರ್ಷಗಳ ನಂತರ ಲಿವರ್ ಸ್ವಲ್ಪ ಮೆತ್ತಗಾಗುತ್ತದೆ. ಆದರೆ ಲಿವರ್ ಕ್ಯಾನ್ಸರ್‌ನ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುತ್ತಲೇ ಇರಬೇಕು. ಮದ್ಯ ಪೂರ್ತಿ ಬಿಡಬೇಕು. ಎಆರ್‌ಟಿ ಜೀವನಪರ್ಯಂತ ಮುಂದುವರಿಯಬೇಕು.

ವೈದ್ಯರನ್ನು ಕೇಳಬೇಕಾದ ಆರು ಪ್ರಶ್ನೆಗಳು

1. ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಇದೆಯೇ?
2. ಸಿರೋಸಿಸ್ ಯಾವ ಹಂತ, ಚೈಲ್ಡ್-ಪ್ಯೂ ಎ, ಬಿ ಅಥವಾ ಸಿ?
3. ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ?
4. ನನ್ನ ಈಗಿನ ಎಚ್‌ಐವಿ ಮಾತ್ರೆ ಹೊಸ ಮಾತ್ರೆಗೆ ಹೊಂದುತ್ತದೆಯೇ? ಎಆರ್‌ಟಿ ಕೇಂದ್ರದ ಜೊತೆ ನೀವು ಮಾತಾಡುತ್ತೀರಾ?
5. ಎಷ್ಟು ವಾರ? ರೈಬಾವಿರಿನ್ ಬೇಕೇ, ಏಕೆ?
6. ಮುಗಿದ ಮೇಲೆ ಯಾವ ಪರೀಕ್ಷೆ, ಯಾವಾಗ?

ಸಂದೇಶ ಕಳಿಸಿದ ಆ ತಂಗಿಗೆ ನಾವು ಉತ್ತರಿಸಿದ್ದು ಇಷ್ಟೇ: ನಿಮ್ಮ ಅಣ್ಣನಿಗೆ ಯಾವ ಮಾತ್ರೆ ಎಂದು ನಾವು ಹೇಳಲಾರೆವು, ಅದು ಅವರ ರಿಪೋರ್ಟ್ ನೋಡಿದ ವೈದ್ಯರ ಕೆಲಸ. ಆದರೆ ಚಿಕಿತ್ಸೆ ಇಲ್ಲ ಎಂಬುದು ಸುಳ್ಳು. ಇವತ್ತಿನ ಎಆರ್‌ಟಿ ಮಾತ್ರೆ ಇವತ್ತೇ ಕೊಡಿ. ನಾಳೆ ಮಾತ್ರೆ ಚೀಲ ಹಿಡಿದು ಕೇಂದ್ರಕ್ಕೆ ಹೋಗಿ. ಅಮ್ಮನಿಗೆ ಊಟ ಮಾಡಲು ಹೇಳಿ.

ನಿಮ್ಮ ಗುಂಪಿಗೂ ಆ ಫಾರ್ವರ್ಡ್ ಬಂದರೆ, ಅದರ ಕೆಳಗೆ ಇದನ್ನು ಹಾಕಿ. ಗುಂಪಿನಲ್ಲಿ ಯಾರ ಮನೆಯಲ್ಲಿ ಈ ಕಾಯಿಲೆ ಇದೆ ಎಂದು ನಮಗೆ ಗೊತ್ತಿರುವುದಿಲ್ಲ. ಇರುವವರು ಹೇಳಿಕೊಳ್ಳುವುದೂ ಇಲ್ಲ, ಸುಮ್ಮನೆ ಓದುತ್ತಿರುತ್ತಾರೆ.